ಸೊನ್ನೆಯ ಹತ್ತಿರ ಕಡ

ಗೇಟು ತೆಗೆದು ನಾಲ್ಕು ದಿನವಾಗಿತ್ತು.
ಸಾಣಾಪುರದ ಕೆಳಗೆ ಹೊಳೆ ಕಲ್ಲುಗಳ ನಡುವೆ
ರೊಟ್ಟಿ ಬಡಿಯುವ ಸದ್ದು ಮಾಡುತ್ತಿತ್ತು,
ಮದುವೆ ಮನೆಯ ಹಿತ್ತಲಲ್ಲಿ ಹತ್ತು ಹೆಂಗಸರು ಕೂಡಿ ಬಡಿದಂತೆ.

ಕಾರಟಗಿಯಿಂದ ಬಂದವರು ನಾವು ಐವರು, ಒಂದೇ ಶಾಲೆಯವರು.
ಸೀರೆ ಬಿಟ್ಟು ತಂಗಿಯ ಚೂಡಿದಾರ ಹಾಕಿದ್ದೇನೆ,
ಮೇಲೆ ಕಿತ್ತಳೆ ಜಾಕೆಟ್ಟು, ಅದರೊಳಗೆ ಯಾರದೋ ನಿನ್ನೆಯ ಬೆವರು,
ತಲೆಗೆ ಹೆಲ್ಮೆಟ್ಟು, ಹಣೆಯ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು.
ಅವಿಭಾಜ್ಯ ಸಂಖ್ಯೆ, ಅಂದುಕೊಂಡೆ.
ಯಾವ ಕಲ್ಲೂ ನನ್ನನ್ನು ಭಾಗಿಸಲಾರದು.

"ಟೀಚರ್, ಗುರ್ತು ಸಿಗಲಿಲ್ಲೇನ್ರಿ? ನಾ ಯಮನೂರ.
ನಾಕನೇತ್ತಾದಾಗ, ಹಿಂದಿನ ಸಾಲು."
ಹೆಸರು ಕೇಳಿ ಖಾಜಾಬಿ ಟೀಚರ್ ಗೊಳ್ಳೆಂದರು:
"ಯಮನ ಊರಿಗೇ ಟಿಕೆಟ್ ತೆಗಿಸಿಯಲ್ಲವ್ವಾ ನಮಗ!"
ನಾನು ನಗಲಿಲ್ಲ. ನೆನಪಾಗಿತ್ತು.
ಸಾವಿರದಲ್ಲಿ ಏಳು ಕಳೆಯುವ ಲೆಕ್ಕ.
"ಸೊನ್ನಿ ಹತ್ರ ಏನೂ ಇಲ್ಲಲ್ರಿ ಟೀಚರ್,
ಅದು ಕಡಾ ಹೆಂಗ ಕೊಡ್ತೈತಿ?"
ತರಗತಿ ನಕ್ಕಿತು. ನನ್ನ ಹತ್ತಿರ ಉತ್ತರವಿತ್ತು, ತಾಳ್ಮೆ ಇರಲಿಲ್ಲ.
ಹೊರಗೆ ಬೇವಿನ ಗಿಡದ ಬುಡಕ್ಕೆ ನಿಲ್ಲಿಸಿದೆ, ಗಂಟೆ ಹೊಡೆಯುವ ತನಕ.
ಮರುವರ್ಷ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.
ಅವ್ವನ ತವರು ಆನೆಗುಂದಿಗೆ ಹೋದರಂತೆ,
ಹರಿಗೋಲು ಹಾಕುವ ಮಾವಂದಿರ ಮನೆಗೆ.

"ಮುಂದ ಅಂದ್ರ ಮುಂದ, ಹಿಂದ ಅಂದ್ರ ಹಿಂದ.
ಬಗ್ರಿ ಅಂದ್ರ ಬಗ್ಗಬೇಕು. ಆಗ ಪ್ರಶ್ನೆ ಕೇಳಬ್ಯಾಡ್ರಿ."

ಮೊದಲ ಇಳಿತಕ್ಕೆ ಇವರು ಅತ್ತಿಮನಿ ಅಂತಾರೆ,
ಒಳಗೆ ಹೋಗುವುದು ಸಲೀಸು.
ರಬ್ಬರಿನ ದೋಣಿ ಗಿರ್ರನೆ ತಿರುಗಿ ಹಿಂದುಮುಂದಾಯಿತು,
ನಾನು ಹಲ್ಲು ಕಚ್ಚಿ ಹುಟ್ಟು ಹಾಕಿದೆ, ಹಾಕಿದೆ, ಹಾಕಿದೆ.
"ಟೀಚರ್! ಗಾಳಿಗಿ ಹುಟ್ಟು ಹಾಕಾಕತ್ತೀರಿ!
ನೀರು ಕೆಳಗೈತ್ರಿ!"

ಎರಡನೆಯದಕ್ಕೆ ಹೆಸರಿಲ್ಲ. ಅಥವಾ ಅವನು ಹೇಳಲಿಲ್ಲ.
ದೂರದಿಂದ ಕಂಡದ್ದು ಇಷ್ಟೇ:
ಹೊಳೆ ಒಂದು ಗೆರೆಯ ಹತ್ತಿರ ಮುಗಿಯುತ್ತದೆ,
ಗೆರೆಯ ಆಚೆ ಹೊಗೆಯಂಥ ಹನಿ.
ಆ ಗೆರೆಯ ಮೇಲೆ ದೋಣಿ ನಿಂತಿತು, ನಿಜವಾಗಿ ನಿಂತಿತೇ?
ಅಡಿಯಲ್ಲಿ ನೀರಿಲ್ಲ.
ಹೊಟ್ಟೆಯಿರುವ ಜಾಗದಲ್ಲಿ ಹೊಟ್ಟೆಯಿಲ್ಲ.
ಇಪ್ಪತ್ತೆರಡು ವರ್ಷ ಮಗ್ಗಿ ಹೇಳಿಸಿದ ದನಿ
ಗಂಟಲಲ್ಲಿಲ್ಲ.

ಬಿದ್ದೆವು.
ನನ್ನ ಕೈ ಖಾಜಾಬಿಯವರ ಜಾಕೆಟ್ಟಿನ ಪಟ್ಟಿ ಹಿಡಿಯಿತು,
ಅವರ ಹತ್ತಿರ ಕೊಡಲು ಏನೂ ಇರಲಿಲ್ಲ,
ಅವರು ಪಿ.ಟಿ. ಮಾಸ್ತರರ ತೋಳು ಹಿಡಿದಿದ್ದರು,
ಇಡೀ ಮೈದಾನಕ್ಕೆ ಸೀಟಿ ಊದುವ ಮಾಸ್ತರರು
ಕಣ್ಣು ಮುಚ್ಚಿ ಹಗ್ಗ ಹಿಡಿದಿದ್ದರು,
ಹಗ್ಗ ದೋಣಿಯ ಅಂಚು ಬಳಸಿ ಹಿಂದೆ ಹೋಗಿ
ಒಂದು ಬರಿಗಾಲಿನ ಕೆಳಗೆ ಸಿಕ್ಕಿತ್ತು.
ಆ ಕಾಲಿನ ಮೇಲೆ ಯಮನೂರ ನೆಟ್ಟಗೆ ನಿಂತಿದ್ದ,
ಕರಿಹಲಗೆಯಲ್ಲಿ ಮೂರು ಸೊನ್ನೆಗಳ ಎಡಕ್ಕೆ
ನಾನೇ ಬರೆದು ಮರೆತ ಒಂದರ ಹಾಗೆ.

ಆಮೇಲೆ ಮಡು. ಸದ್ದಿಲ್ಲ.
ಕಲ್ಲಿನ ಮೇಲೊಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.
"ಅಂಜಿಕಿ ಎಲ್ಲೈತಿ, ಕಣ್ಣಾಗ ನೀರು ಹೊಕ್ಕಿತ್ತು," ಅಂದರು ಮಾಸ್ತರರು.
ನನ್ನ ಎಡಗಾಲಿನ ಚಪ್ಪಲಿ ಕಂಪ್ಲಿಯ ಕಡೆ ಹೊರಟಿತ್ತು.

ದಂಡೆಯಲ್ಲಿ ಮಂಡಕ್ಕಿ, ಮಿರ್ಚಿ. ಕೈ ಇನ್ನೂ ನಡುಗುತ್ತಿತ್ತು.
"ಯಮನೂರ," ಅಂದೆ, "ಆವತ್ತು ನೀ ಕೇಳಿದ್ದೆಲ್ಲ, ಆ ಪ್ರಶ್ನೆ..."
"ಯಾವುದ್ರಿ ಟೀಚರ್?"
ಅವನಿಗೆ ನೆನಪಿಲ್ಲ. ನಿಜವಾಗಿಯೂ ಇಲ್ಲ.
ಸ್ವಲ್ಪ ಹೊತ್ತು ಬಿಟ್ಟು ಕೇಳಿದ:
"ಆ ಬೇವಿನ ಗಿಡ ಇನ್ನಾ ಐತೇನ್ರಿ? ನೆರಳು ಚಲೋ ಇತ್ತು."

ಹೋದ ಬೇಸಿಗೆ ಕಡಿದು ಅಲ್ಲಿ ನೀರಿನ ಟಾಕಿ ಕಟ್ಟಿದ್ದಾರೆ.
"ಐತಿ," ಅಂದೆ.

ಅವನು ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡು
ಮುಂದಿನ ಮಂದಿಗಾಗಿ ಬಂಡೆ ಹತ್ತಿದ.
ಹಿಂದೆ ನಾನು, ಒಂದೇ ಚಪ್ಪಲಿಯಲ್ಲಿ,
ಒಂದು ಹೆಜ್ಜೆಗೆ ರಬ್ಬರು, ಒಂದು ಹೆಜ್ಜೆಗೆ ಸುಡುವ ಕಲ್ಲು.