ನೂರಿಪ್ಪತ್ತಾರು

ಬೆಳಗಿನ ಏಳಕ್ಕೆ, ಕಾಫಿ ಕಾಣದ ಮುಖ ಹೊತ್ತು
ಬಂದು ಕೂತರು ಮುನಿಚೌಡಪ್ಪ.
ಶಾಂತಿನಗರ ಡಿಪೋ, ಕಂಡಕ್ಟರು,
ಸರ್ವೀಸಿಗೆ ಇಪ್ಪತ್ತೆರಡು ವರ್ಷ, ಸಕ್ಕರೆಗೆ ಒಂಬತ್ತು.
ಬೆಲ್ಟಿಗೆ ಮೊಳೆಯಲ್ಲಿ ತಾವೇ ಹೊಡೆದ ಎರಡು ತೂತು.

ತೋಳಿನ ಕೊಬ್ಬಿನಡಿ ನರ ಸುಲಭಕ್ಕೆ ಸಿಗುವುದಿಲ್ಲ;
ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕಿದಂತೆ ತಡಕಿದೆ.
"ಏನ್ ಹುಡುಕ್ತೀರಮ್ಮ ಇದ್ರಲ್ಲಿ?
ಶುಗರ್ರು ಆಗ್ಲೇ ಗೊತ್ತಲ್ಲ."

ಹೇಳಿದೆ, ನನಗೆ ಡಾಕ್ಟರು ಹೇಳಿದಷ್ಟು:
ರಕ್ತದಲ್ಲಿ ಚೀಟಿಗಳು ಓಡಾಡುತ್ತವೆ,
ಇಪ್ಪತ್ತೆರಡೇ ಅಕ್ಷರದವು, ಹೆಚ್ಚೂಕಡಿಮೆ.
ಬೊಜ್ಜು ಒಂದು ಬರೆದು ಕಳಿಸುತ್ತದೆ, ಲಿವರು ಒಂದು,
ದುಡಿದ ದಿನ ತೊಡೆಯ ಸ್ನಾಯು ಇನ್ನೊಂದು.
ಅವು ಏನನ್ನೂ ಕಟ್ಟುವುದಿಲ್ಲ. ಹೋದಲ್ಲಿ
ಯಾವುದೋ ಜೀನಿನ ಮಾತಿಗೆ ಅಡ್ಡ ಬಂದು
"ಶ್, ಸಾಕು" ಅನ್ನುತ್ತವೆ, ಅಷ್ಟೆ.
ನೂರಿಪ್ಪತ್ತಾರು ಅಂತ ಒಂದಿದೆ,
ರಕ್ತನಾಳದ ಒಳಗೋಡೆ ಕಾಯುವುದು.
ಸಕ್ಕರೆಯವರಲ್ಲಿ ಅದು ಕಡಿಮೆ ಕಾಣುತ್ತದಂತೆ.

ನಕ್ಕರು. ಸೂಜಿ ಅಲುಗಿತು.
"ಅದ್ಯಾವ್ ರೂಟಮ್ಮ, ನಮ್ ಡಿಪೋದಲ್ಲಿಲ್ಲ!
ಟ್ರಿಪ್ಪು ಕಟ್ಟಾಗಿರ್ಬೇಕು."

ಹನ್ನೆರಡು ವಾರ ನಡೆಯುವ ಗುಂಪು ಬಂತು ಅವರ ಪಾಲಿಗೆ.
ಲಾಲ್‌ಬಾಗಿನ ಬಂಡೆಯವರೆಗೆ, ಮೊಣಕಾಲಿಗೆ ಬೈಯುತ್ತ.
ಬೆಳಗಿನ ಡ್ಯೂಟಿಯಿದ್ದರೆ ಡಿಪೋದಲ್ಲೇ,
ನಿಂತ ಬಸ್ಸುಗಳ ಸುತ್ತ.
ಯಾವ ದೇವರಿಗಪ್ಪ ಪ್ರದಕ್ಷಿಣೆ, ಅಂದರಂತೆ ಡ್ರೈವರುಗಳು.

ಕೊನೆಯ ಟ್ಯೂಬು ಸೆಂಟ್ರಿಫ್ಯೂಜಿನಿಂದ
ಗುಲಾಬಿಯಾಗಿ ಎದ್ದಿತು,
ಒಣಹುಲ್ಲಿನ ಬಣ್ಣ ಇರಬೇಕಾದ್ದು.
ಒಡೆದ ಕೆಂಪುಕಣ ತನ್ನ ಚೀಟಿಗಳನ್ನೆಲ್ಲ ಚೆಲ್ಲಿ
ಉಳಿದವರ ಅಕ್ಷರ ಅಳಿಸಿಬಿಡುತ್ತದೆ.
ತಪ್ಪು ನನ್ನದು. ನರ ಸಿಗದೆ ಜೋರಾಗಿ ಎಳೆದಿದ್ದೆ.
ಫೋನು ಮಾಡಿದೆ: ಇನ್ನೊಂದ್ಸಲ ಬರ್ತೀರಾ?

ಬಂದರು. ಖಾಕಿ ಶರ್ಟು ಬೆನ್ನಿಗಂಟಿತ್ತು.
"ಪಾಸಿತ್ತು, ಬಸ್ಸೂ ಖಾಲಿ ಇತ್ತು.
ಡಿಪೋದಿಂದ ಮಾರ್ಕೆಟ್‌ಗಂಟ ನಡ್ಕೊಂಡೇ ಬಂದೆ ನೋಡಿ!"

ಗೋಡೆಯ ಮೇಲಿನ ನಿಯಮ ನಾನೇ ಅಂಟಿಸಿದ್ದು:
ರಕ್ತ ಕೊಡುವ ಹಿಂದಿನ ದಿನದಿಂದ ವ್ಯಾಯಾಮ ಕೂಡದು.
ಈಗ ನಡೆದ ಕಾಲು ಈಗ ಬರೆದದ್ದನ್ನೇ ಹರಿಯಬಿಡುತ್ತದೆ;
ಮೂರು ತಿಂಗಳ ಲೆಕ್ಕಕ್ಕೆ ಅದು ಸೇರದು.

ಏನಂತ ಹೇಳಲಿ, ತೋಳು ಚಾಚಿ ಕೂತವರಿಗೆ?
ಬೆಲ್ಟು ನೋಡಿದೆ. ಅದೇ ತೂತು.
ಇಳಿದದ್ದು ಎಂಟುನೂರು ಗ್ರಾಂ.
ನರ ಮಾತ್ರ ಈ ಸಲ ತಾನಾಗಿ ಬೆರಳಿಗೆ ಸಿಕ್ಕಿತು,
ಬೆಚ್ಚಗೆ, ತುಂಬಿಕೊಂಡು.

ತೆಗೆದೆ. ತಿರುಗಿಸಿದೆ. ಒಣಹುಲ್ಲಿನ ಬಣ್ಣ.
ಕೋಡ್ ನಂಬರಿಲ್ಲದ ಟ್ಯೂಬಿನ ಮೇಲೆ
ಪೆನ್ನಿನಲ್ಲಿ ಬರೆದೆ: ನಡೆದು ಬಂದದ್ದು.
ಮೈನಸ್ ಎಂಬತ್ತರ ಕೆಳಗಿನ ಖಾನೆಯಲ್ಲಿ ಈಗಲೂ ಇದೆ.
ಪಟ್ಟಿಯಲ್ಲಿ ಅವರ ಸಾಲು ಖಾಲಿ.

ಹತ್ತಿ ಒತ್ತಿಕೊಂಡು ಕೇಳಿದರು,
"ಬಂತೇನಮ್ಮ ನೂರಿಪ್ಪತ್ತಾರು?"
ತುಂಬಿದ ಬಸ್ಸಿನ ಫುಟ್‌ಬೋರ್ಡಿನಿಂದ
ಅವರು ಸ್ಟಾಪಿನವರಿಗೆ ಹೇಳುವುದನ್ನೇ
ನಾನೂ ಹೇಳಿದೆ:
"ಹಿಂದ್ಗಡೆ ಬರ್ತೈತೆ. ಖಾಲಿ ಗಾಡಿ."