ಗಂಟೆಗೊಂದು ಒದೆ

ಗ್ರಿಮ್ಸ್‌ಬಿಯಲ್ಲಿ ಗಾಳಿಗೂ ಮೀನಿನ ಮೈವಾಸನೆ.
ಹೆರಿಗೆ ವಾರ್ಡಿನ ಕಿಟಕಿ ಎಷ್ಟು ಬಿಗಿದರೂ
ಬಂದರಿನ ಹೊಗೆಗೂಡಿನಿಂದ ಒಂದೆಳೆ
ಒಳಗೆ ನುಸುಳುತ್ತದೆ.

ನಾಲ್ಕನೇ ಕೋಣೆ. ಟ್ಯಾಮ್ಸಿನ್ ಆಸ್ಗರ್ಬಿ.
ಮೂವತ್ತನಾಲ್ಕು ವಾರ ತುಂಬಿದವಳು.
ಸೋಪು ಹಚ್ಚಿದರೂ ಉಂಗುರ ಬೆರಳು ಬಿಡಲಿಲ್ಲ.
ಪಾದ ಒತ್ತಿ ನೋಡಿದರೆ ನನ್ನ ಹೆಬ್ಬೆರಳಿನ ಗುಂಡಿ
ಕಲಸಿದ ಹಿಟ್ಟಿನಲ್ಲಿ ಉಳಿದಂತೆ ಉಳಿಯಿತು.
ರಕ್ತದೊತ್ತಡ ನೂರ ಎಪ್ಪತ್ತೆರಡು, ಕೆಳಗಿನದು ನೂರ ಹದಿನಾಲ್ಕು.
‘ಕಣ್ಣ ಮುಂದೆ ಬೆಳ್ಳಿ ಹುಳ ಹಾರ್ತಿವೆ ನೋಡಿ,
ಹಿಡಿಯೋಕೆ ಹೋದ್ರೆ ಜಾರ್ಕೊಳ್ತಾವೆ’ ಅಂತ ನಕ್ಕಳು.
ನಾನು ನಗಲಿಲ್ಲ. ಡಾಕ್ಟರ್ ಎಬುಬೆಚಿಗೆ ಫೋನು ಮಾಡಿದೆ.

‘ಏನದು, ಆ ಸಿರಿಂಜಿನಲ್ಲಿ?’ ಅಜ್ಜಿ ಡೋರೀನ್ ಕೇಳಿದಳು,
ನಲವತ್ತು ವರ್ಷ ಕಾಡ್ ಮೀನು ಸೀಳಿ ಸೀಳಿ
ಬೆರಳ ಗೆಣ್ಣು ಸೊಟ್ಟಗಾದವಳು.
ಉಪ್ಪು, ಅಂದೆ. ಮೆಗ್ನೀಸಿಯಂ. ಸೆಳೆತ ಬರದಂತೆ.
‘ಎಪ್ಸಮ್ ಉಪ್ಪೇ? ಅದರಲ್ಲಿ ನಾನು ಕಾಲು ನೆನೆಸ್ತೀನಲ್ಲ!’
ಹೌದಜ್ಜಿ, ಅದೇ ಮನೆತನ.
ಆದರೆ ನಿಮ್ಮ ಬಕೆಟ್ಟಿಗೆ ಎಷ್ಟು ಸುರಿದರೂ
ಯಾರೂ ಕೇಳುವುದಿಲ್ಲ.

ನಾಲ್ಕು ಗ್ರಾಂ, ಕಾಲು ಗಂಟೆಯಲ್ಲಿ, ನಿಧಾನ.
ಆಮೇಲೆ ಗಂಟೆಗೊಂದು ಗ್ರಾಂ, ನಾಳೆ ಈ ಹೊತ್ತಿನವರೆಗೆ.
ಮೊಯಿರಾ ಪಂಪಿನ ಅಂಕಿಯನ್ನು ಗಟ್ಟಿಯಾಗಿ ಓದಿದಳು,
ಆಗಷ್ಟೇ ನಾನು ಓದಿದ್ದನ್ನೇ, ನಾನು ಓದಿಯೇ ಇಲ್ಲವೆಂಬಂತೆ.
ಅಪನಂಬಿಕೆಯಲ್ಲ ಅದು.
ಸೊನ್ನೆಗೆ ಕಾಲಿವೆ ಮಾರಾಯ್ತಿ,
ನಡುರಾತ್ರಿ ಅದು ಚುಕ್ಕೆಯ ಆ ಬದಿಯಿಂದ
ಈ ಬದಿಗೆ ನಡೆದುಬಿಡುತ್ತದೆ.

ಟ್ಯಾಮ್ಸಿನ್‌ಳ ಕುತ್ತಿಗೆ ಕೆಂಪೇರಿತು.
‘ಒಲೆ ಮುಂದೆ ಕೂರಿಸಿದ್ದೀರಾ ನನ್ನ?’
ಹಾಗೇ ಇರುತ್ತದೆ ಮೊದಲಿಗೆ, ಅಂದೆ,
ಒದ್ದೆ ಬಟ್ಟೆ ಹಣೆಗಿಟ್ಟು.

ಇನ್ನು ಗಂಟೆಗೊಮ್ಮೆ ಮೊಣಕಾಲು.
ಕಂಕನಾಡಿಯಲ್ಲಿ ಕಲಿಯುವಾಗ ಪಂಪು ಎಲ್ಲಿತ್ತು,
ಸೊಂಟದ ಎರಡೂ ಕಡೆ ಐದೈದು ಗ್ರಾಂ ಚುಚ್ಚುತ್ತಿದ್ದೆವು.
ಸುತ್ತಿಗೆಯೂ ಇಲ್ಲದ ವಾರ್ಡಿನಲ್ಲಿ
ಅಂಗೈಯಂಚಿನಿಂದ ಬಡಿಯಲು ಕಲಿಸಿದ ಸಿಸ್ಟರ್ ಇಗ್ನೇಶಿಯಾ
ಹೇಳುತ್ತಿದ್ದರು: ‘ಕರೆಂಟು ಹೋಗುತ್ತೆ, ಗಡಿಯಾರ ನಿಲ್ಲುತ್ತೆ.
ಉಪ್ಪು ಹೆಚ್ಚಾದರೆ ಮೊದಲು ಮಂಡಿ ಮೌನ,
ಆಮೇಲೆ ಉಸಿರು.
ಮೊದಲನೆಯದನ್ನು ಕೇಳಿಸಿಕೋ ಫ್ಲೇವಿ,
ಎರಡನೆಯದಕ್ಕೆ ಕಾಯಬೇಡ.’

ಒಂದು ಗಂಟೆಗೆ ಒದ್ದಳು. ಎರಡಕ್ಕೆ ಒದ್ದಳು.
ಮೂರಕ್ಕೆ, ನಿದ್ದೆಗಣ್ಣಲ್ಲಿ, ಸೋಮಾರಿ ಒದೆ.
ನಾಲ್ಕಕ್ಕೆ ಬಡಿದೆ. ಏನಿಲ್ಲ.
ಇನ್ನೊಮ್ಮೆ ಬಡಿದೆ. ಆ ಕಾಲಿಗೂ ಬಡಿದೆ.
ದಿಂಬಿಗೆ ಬಡಿದಂತೆ.
ಮೂತ್ರದ ಚೀಲ ಎತ್ತಿ ಹಿಡಿದೆ:
ನಾಲ್ಕು ಗಂಟೆಗೆ ಅರವತ್ತು ಮಿಲಿ.
ಹೊರಹೋಗದ ಉಪ್ಪು ಒಳಗೇ ಬಿಡಾರ ಹೂಡಿತ್ತು.

ಮೊದಲು ಪಂಪು ನಿಲ್ಲಿಸಿದೆ. ಆಮೇಲೆ ಕರೆಗಂಟೆ.
ಪೂರ್ತಿ ಒಂದು ನಿಮಿಷ ಅವಳ ಎದೆ ನೋಡುತ್ತ ನಿಂತೆ,
ಅರ್ಧ ಎಣಿಸಿ ಎರಡರಿಂದ ಗುಣಿಸದೆ.
ಹನ್ನೆರಡು. ಹದಿಮೂರು.
ಎಬುಬೆಚಿ ಒಂದೇ ಚಪ್ಪಲಿಯಲ್ಲಿ ಓಡಿ ಬಂದಳು.
ಮೊಯಿರಾ ಕ್ಯಾಲ್ಸಿಯಂ ಆಂಪೂಲನ್ನು ತಟ್ಟೆಯಲ್ಲಿಟ್ಟು
ಕತ್ತು ಮುರಿಯದೆ ಹಿಡಿದು ಕೂತಳು.
ರಕ್ತ ಲ್ಯಾಬಿಗೆ ಹೋಯಿತು.
ನಾವು ಮೂವರು ಹೆಂಗಸರು ಒಬ್ಬಳ ಉಸಿರು ಎಣಿಸಿದೆವು,
ಡೋರೀನ್ ಸೇರಿದರೆ ನಾಲ್ವರು,
ಅವಳ ತುಟಿಯೂ ಅಲುಗುತ್ತಿತ್ತು.

ಹೊಟ್ಟೆಯೊಳಗಿನವನ ಒದೆ ಎಣಿಸಲು
ಸಂಜೆ ಅವಳಿಗೆ ಕಲಿಸಿದವಳು ನಾನೇ.
ಅವಳ ಒದೆಗೆ ಕಾಯುವುದು ನನ್ನ ಪಾಲಿಗೆ ಬಂತು.

ಐದೂ ಕಾಲು. ಬಡಿದೆ.
ಕಾಲು ಚಿಮ್ಮಿ ನನ್ನ ಕೈಯ ಪೆನ್ನು ಹಾರಿ
ಮಂಚದಡಿ ಎಲ್ಲೋ ಉರುಳಿತು.
‘ಅಯ್ಯೋ, ಸಾರಿ!’ ಅಂದಳು ಟ್ಯಾಮ್ಸಿನ್.
ಇನ್ನೊಮ್ಮೆ ಒದಿ ತಾಯಿ, ಅಂದೆ, ಕನ್ನಡದಲ್ಲೇ.

ಆಂಪೂಲು ಒಡೆಯದೆ ಪೆಟ್ಟಿಗೆಗೆ ಮರಳಿತು.
ಪಂಪು ಮತ್ತೆ ಶುರು, ಅರ್ಧಕ್ಕೆ ಇಳಿಸಿ,
ಮತ್ತೆ ಇಬ್ಬರ ಬಾಯಲ್ಲಿ ಓದಿಸಿ.
ಉಪ್ಪಿಗಿಂತ ರುಚಿಯಿಲ್ಲ ಎಂಬ ನಮ್ಮ ಗಾದೆಯನ್ನು
ಡೋರೀನ್‌ಗೆ ಹೇಳಹೊರಟು, ತಾಯಿಗಿಂತ ಎನ್ನುವಲ್ಲಿಗೆ
ಇಂಗ್ಲಿಷು ಕೈಕೊಟ್ಟಿತು.
ಅವಳು ತಲೆಯಾಡಿಸಿದಳು, ಟೀ ತರಲು ಎದ್ದಳು.

ಮೊಯಿರಾಳ ಪೆನ್ನಿನಲ್ಲಿ ಚಾರ್ಟು ತುಂಬಿದೆ:
ಮೊಣಕಾಲು, ಇದೆ. ಉಸಿರು, ಹದಿನಾರು.
ನನ್ನ ಪೆನ್ನು ಇನ್ನೂ ಮಂಚದಡಿಯೇ ಇದೆ.