ಬೆನ್ನಿಗೆ ಗಾಳಿ

ಮಾರಿಕಣಿವೆ ಹಿನ್ನೀರಲ್ಲಿ ಮಧ್ಯಾಹ್ನ ಮೂರಕ್ಕೆ
ಗಾಳಿ ಎದ್ದರೆ ಪಾಲಕ್ಕ ಹುಟ್ಟು ಒಳಗೆಳೆದು
ನೀಲಿ ಟಾರ್ಪಾಲು ಬಿಚ್ಚುತ್ತಾಳೆ.
ಮೊದಲು ಶೇಂಗಾ ರಾಶಿ ಮುಚ್ಚುತ್ತಿದ್ದದ್ದು,
ಈಗ ಬಿದಿರಿಗೆ ಬಿಗಿದ ಹಾಯಿ;
ತೂತಿಗೆ ಯೂರಿಯಾ ಚೀಲದ ತೇಪೆ.

ನನಗೆ ಖುಷಿ, ತೋಳಿಗೆ ರಜೆ.
ಅವಳಿಗಿಲ್ಲ.
"ಎದುರುಗಾಳಿ ಬೈಯುತ್ತೆ, ಮುಖಕ್ಕೆ ನೀರೆರಚುತ್ತೆ,
ಎಷ್ಟಿದ್ದೀನಿ ಅಂತ ಹೇಳಿಯೇ ಹೊಡೆಯುತ್ತೆ.
ಬೆನ್ನಿಗೆ ಬಿದ್ದದ್ದು
ಇರೋದೇ ಗೊತ್ತಾಗಲ್ಲ."

ನಿಜ. ಅವಳ ಬೀಡಿ ಹೊಗೆ ನೆಟ್ಟಗೆ ನಿಂತಿತ್ತು.
ಸೆರಗು ಅಲುಗಲಿಲ್ಲ.
ದಡದ ಜಾಲಿಮರ ಮಾತ್ರ
ಯಾರೋ ಅಟ್ಟಿದ ಹಾಗೆ ಹಿಂದಕ್ಕೋಡುತ್ತಿದ್ದವು.

"ಮುಂದೆ ಇರೋದು ಅಲ್ಲೇ ಇರುತ್ತೆ, ಹಿಂದೆ ನೋಡು.
ನೀರು ಎಲ್ಲಿ ಕಪ್ಪಾಯ್ತು,
ಗುಡ್ಡದ ಮೇಲಿನ ಗಾಳಿ ಫ್ಯಾನು
ಯಾವ ಕಡೆ ಮುಖ ತಿರುವಿತು."

ಎಡಕ್ಕೆ ಮುಳುಗಿದ ಮರಗಳ ನೆತ್ತಿ,
ಬಲಕ್ಕೆ ದಾದಾಪೀರನ ಬಲೆ, ಥರ್ಮಾಕೋಲು ಸಾಲು,
ನಡುವೆ ಎತ್ತಿನಗಾಡಿಯಷ್ಟು ದಾರಿ.
ನೆಟ್ಟಗೆ ಬಿಡೋಣ ಅಂದೆ.
"ನೆಟ್ಟಗೆ ಬಿಟ್ಟರೆ ಹಾಯಿಗೆ ಮಗ್ಗುಲು ಗೊತ್ತಾಗಲ್ಲ.
ತುಸು ಓರೆ ಹೋಗು, ಗಾಳಿ ಒಂದೇ ಭುಜಕ್ಕೆ ಬೀಳಲಿ.
ಮಗ್ಗುಲು ಬದಲಿಸೋದಿದ್ದರೆ
ಜಾಗ ಇರುವಾಗಲೇ ನೀನು ಬದಲಿಸು."
ಗಾಳಿಯೇ ಬದಲಿಸಿದ ಒಂದು ಸಂಜೆ
ಆ ಬಿದಿರು ಅವಳ ಎಡಹುಬ್ಬನ್ನು
ಎರಡು ಹುಬ್ಬು ಮಾಡಿದೆ.

ಗಾಳಿ ಬಂದಾಗ ತೂರಿಕೊಳ್ಳಬೇಕಲ್ವೇನಕ್ಕಾ?
"ಆ ಗಾದೆ ಕಟ್ಟಿದವನು ಕಣದಲ್ಲಿ ನಿಂತಿದ್ದ.
ಕಾಲಡಿ ಸಗಣಿ ಸಾರಿಸಿದ ನೆಲ,
ಕೈಯಲ್ಲಿ ಮೊರ.
ಇಲ್ಲಿ ನಿಂತು ಹೇಳಲಿ."

ಗುಡ್ಡಗಳು ಹತ್ತಿರ ಬಂದವು.
ಕಟ್ಟೆಗೆ ಇನ್ನೂ ಎರಡು ಕೂಗಳತೆ ಇರುವಾಗಲೇ
ಅರ್ಧ ಹಾಯಿ ಇಳಿಸಿದಳು. ನನಗೆ ಸಿಟ್ಟು.
ಹಳೇ ಲೂನಾ ಟೈರಿಗೆ ಹಗ್ಗ ಕಟ್ಟಿ
ಹಿಂದಕ್ಕೆ ಎಸೆದಳು.
ತುಂಟ ಕರುವಿನ ಕೊರಳಿಗೆ ಗುದ್ದಿ ಕಟ್ಟಿದಂತಾಯ್ತು ದೋಣಿಗೆ.

ಆಗ ಫ್ಯಾನುಗಳು ತಿರುಗಿದವು.
ಮೊದಲು ಒಂದು, ಆಮೇಲೆ ಉಳಿದವೂ.
ನೀರು ಕಪ್ಪಾಗುತ್ತಾ ನಮ್ಮ ಬೆನ್ನಿಗೆ ಬಂತು.
"ತಲೆ!" ಅಂದಳು.
ಬಗ್ಗಿದೆ. ಬಿದಿರು ಕೂದಲು ಸವರಿಕೊಂಡು ಹೋಯ್ತು,
ಅವಳ ಕೈ ಅದರ ಮೇಲೆಯೇ ಇತ್ತು.
ತಳದಲ್ಲಿದ್ದ ಜಿಲೇಬಿ ಮೀನೆಲ್ಲ
ಒಂದು ಬದಿಯಿಂದ ಇನ್ನೊಂದಕ್ಕೆ ಜಾರಿದವು.

ದಡ ಹತ್ತಿ ಹಿಂತಿರುಗಿದೆ.
ಆಗ ಬಡಿಯಿತು ಮುಖಕ್ಕೆ,
ಕಣ್ಣು ಬಿಡಲಾಗದಷ್ಟು, ಬಾಯೊಳಗೆ ಮರಳು.
ಇದರೊಳಗೇ ಬಂದೆವಾ?

ಪಾಲಕ್ಕ ಟಾರ್ಪಾಲು ಮಡಿಸುತ್ತಿದ್ದಳು.
ನಿಂತು ಏನು ನೋಡ್ತೀಯಾ, ಮೂಲೆ ಹಿಡಿ ಅಂದಳು.